ನಿಂತ ಮುಟ್ಟು ಮತ್ತೆ ಬಂದಾಗ

ಬಾಗೂರಿನ ಗುರುಸಿದ್ದಮ್ಮನದು ಹಿಟ್ಟಿನ ಗಿರಣಿ. ರಾಗಿ ಬೀಸಿಸಲು ಬಂದ ಹೆಂಗಸರು ಸೊಸೆಯ ಬಸಿರು, ಗಂಡನ ಕುಡಿತ, ತಮ್ಮ ಸೊಂಟನೋವು ಎಲ್ಲವನ್ನೂ ಮಿಷನ್ನಿನ ಸದ್ದನ್ನು ಮೀರಿ ಕೂಗಿ ಅವಳಿಗೆ ಹೇಳಿಕೊಳ್ಳುತ್ತಿದ್ದರು. ಅವಳು ಮಾತ್ರ ತನ್ನದೇನನ್ನೂ ಯಾರಿಗೂ ಹೇಳುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಎಡಮೊಲೆಯಲ್ಲಿ ಗಂಟು ಕಾಣಿಸಿ, ಅದು ಕ್ಯಾನ್ಸರ್ ಎಂದು ಗೊತ್ತಾಗಿ, ಮೊಲೆಯನ್ನೇ ತೆಗೆಸಬೇಕಾಯಿತು. ರವಿಕೆಯೊಳಗೆ ಮೆತ್ತನೆಯ ಬಟ್ಟೆ ಮಡಚಿಟ್ಟುಕೊಂಡು ಮೇಲೆ ಸೆರಗು ಹೊದೆಯುವುದು ಅಭ್ಯಾಸವಾಯಿತು. ಕಾಯಿಲೆ ಮರುಕಳಿಸದಿರಲೆಂದು ದಿನಾ ಒಂದು ಮಾತ್ರೆ. ಅವಳು ಆಸ್ಪತ್ರೆಯಿಂದ ಬಂದ ದಿನ ಗಂಡ ಪಾಲಾಕ್ಷ ತನ್ನ ಚಾಪೆಯನ್ನು ಪಡಸಾಲೆಗೆ ಒಯ್ದ. "ನಿಂಗೆ ಕೈ ಗೀ ತಗುಲ್ಬಾರ್ದು ಅಂತ ಕಣೆ" ಎಂದಿದ್ದ. ಗಾಯ ಮಾಗಿತು. ಚಾಪೆ ಮಾತ್ರ ಒಳಗೆ ಬರಲಿಲ್ಲ. ಅವಳೂ ಕೇಳಲಿಲ್ಲ.

ಮುಟ್ಟು ನಿಂತು ಎಷ್ಟೋ ಕಾಲವಾಗಿತ್ತು. ಒಂದು ಬೆಳಿಗ್ಗೆ ಗಿರಣಿಯ ಬಾಯಿಗೆ ರಾಗಿ ಸುರಿಯುತ್ತಿದ್ದಾಗ ತೊಡೆಯ ಬಳಿ ಒದ್ದೆಯೆನಿಸಿತು. ಬಚ್ಚಲಿಗೆ ಹೋಗಿ ನೋಡಿದರೆ ರಕ್ತ. ಗೋಡೆ ಹಿಡಿದು ಅಲ್ಲೇ ಕುಳಿತುಬಿಟ್ಟಳು. ಕಾಯಿಲೆ ಈಗ ಹೊಟ್ಟೆಗಿಳಿಯಿತು ಎಂದುಕೊಂಡಳು. ಹಳೆಯ ಸೀರೆ ಹರಿದು ಬಟ್ಟೆ ಕಟ್ಟಿಕೊಂಡು, ಮತ್ತೆ ಬಂದು ಗಿರಣಿ ಹತ್ತಿರ ನಿಂತಳು.

ರಕ್ತ ನಿಲ್ಲುವುದು, ಮತ್ತೆ ಕಾಣುವುದು. ಒಗೆದ ಬಟ್ಟೆಯನ್ನು ಟವೆಲ್ಲಿನ ಅಡಿಗೆ ಹರವಿ ಒಣಗಿಸುತ್ತಿದ್ದಳು. ಹೊಳೆನರಸೀಪುರದಿಂದ ಮಗಳು ಶಿವರಂಜನಿ ಫೋನ್ ಮಾಡಿದಾಗ, "ಚೆನ್ನಾಗಿದೀನಿ ಕಣವ್ವ" ಎಂದು ಇಟ್ಟುಬಿಟ್ಟಳು.

ಕೊನೆಗೆ ಗಿರಣಿಗೆ ಬೆಲ್ಟು ತರಬೇಕೆಂದು ಗಂಡನಿಗೆ ಸುಳ್ಳು ಹೇಳಿ ಒಬ್ಬಳೇ ಹಾಸನದ ಬಸ್ಸು ಹತ್ತಿದಳು. ಡಾಕ್ಟರಮ್ಮ ಸ್ಕ್ಯಾನ್ ಮಾಡಿಸಿ, ಅವಳು ತಂದಿದ್ದ ಮಾತ್ರೆಯ ಶೀಟನ್ನು ತಿರುಗಿಸಿ ನೋಡಿದರು.

"ಈ ಮಾತ್ರೆ ನಿಮ್ಮ ಎದೆಯನ್ನ ಕಾಯುತ್ತೆ ಅಮ್ಮ. ಆದ್ರೆ ಕೆಲವರಿಗೆ ಗರ್ಭಕೋಶದ ಒಳಪದರ ದಪ್ಪ ಮಾಡುತ್ತೆ. ರಕ್ತ ಅದರಿಂದಲೇ ಇರಬಹುದು. ಆದ್ರೂ ಆ ಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಲೇಬೇಕು."

"ಮಾತ್ರೆ ನಿಲ್ಸಿಬುಡ್ಲಾ?"

"ನೀವಾಗೇ ನಿಲ್ಲಿಸ್ಬೇಡಿ. ನಿಮ್ಮ ಕ್ಯಾನ್ಸರ್ ಡಾಕ್ಟರ ಹತ್ರ ನಾನು ಮಾತಾಡ್ತೀನಿ. ಅರಿವಳಿಕೆ ಕೊಡ್ಬೇಕು, ಅವತ್ತು ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಬನ್ನಿ. ಯಾರಿದಾರೆ?"

ಗುರುಸಿದ್ದಮ್ಮ ಮಾತ್ರೆಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು.

ಮಾರನೆಯ ದಿನ ಪಾಲಾಕ್ಷ ತೋಟದಿಂದ ಬಂದು ಗಿರಣಿಯ ಬಾಗಿಲಲ್ಲಿ ನಿಂತಾಗ, ಮಿಷನ್ ಓಡುತ್ತಿರುವಾಗಲೇ ರಕ್ತದ ವಿಷಯ ಹೇಳಿಬಿಟ್ಟಳು. ಅವನಿಗೆ ಕೇಳಿಸಲಿಲ್ಲ. ಹೋಗಿ ಸ್ವಿಚ್ ಆರಿಸಿದ. "ಏನಂದೆ?"

ಆ ನಿಶ್ಶಬ್ದದಲ್ಲಿ ಮತ್ತೊಮ್ಮೆ ಹೇಳುವುದು ಅವಳಿಗೆ ಬಹಳ ಕಷ್ಟವಾಯಿತು.

"ಮತ್ತೆ ಅದೇಯಾ?" ಪಾಲಾಕ್ಷನ ಮುಖ ಬಿಳಚಿಕೊಂಡಿತು. "ಇಷ್ಟು ದಿನ ಯಾಕೆ ಏಳ್ಲಿಲ್ಲ?"

"ಏಳೋಕೆ ನೀವೆಲ್ಲಿದ್ರಿ?"

ಅವನು ರಾಗಿಮೂಟೆಯ ಮೇಲೆ ಕುಳಿತ. "ಅವತ್ತು ಆಸ್ಪತ್ರೆಲಿ ಪಟ್ಟಿ ಬಿಚ್ಚಿದಾಗ ನೋಡ್ದೆ. ಎದೆ ಒಡೆದೋದಂಗಾಯ್ತು ಕಣೆ. ಆಮೇಲೆ ಅತ್ರ ಬರಕ್ಕೇ ಎದ್ರಿಕೆ." ಪಂಚೆಗೆ ಅಂಟಿದ ಹಿಟ್ಟು ಕೊಡವುತ್ತಾ ಎದ್ದು, "ಓಗಾನ, ನಾನೇ ಬತ್ತೀನಿ" ಎಂದ.

ಮಾತಿನಂತೆ ಆಸ್ಪತ್ರೆಗೆ ಬಂದ. ಅವಳಿಗೆ ಎಚ್ಚರವಾದಾಗ ಅವಳ ಚಪ್ಪಲಿಯನ್ನು ತೊಡೆಯ ಮೇಲಿಟ್ಟುಕೊಂಡು ಮಂಚದ ಪಕ್ಕ ಕುಳಿತಿದ್ದ. ಪರೀಕ್ಷೆಯಲ್ಲಿ ಕ್ಯಾನ್ಸರ್ ಕಾಣಲಿಲ್ಲ. ಮಾತ್ರೆಯಿಂದ ಒಳಪದರ ಬೆಳೆದು ಆಗಿದ್ದ ಸಣ್ಣ ಗಡ್ಡೆಯನ್ನು ತೆಗೆದಿದ್ದರು. ಕ್ಯಾನ್ಸರ್ ಡಾಕ್ಟರು ಮಾತ್ರೆ ಬದಲಿಸಿದರು. ಹೊಸ ಮಾತ್ರೆಗೆ ಬೆಳಿಗ್ಗೆ ಬೆರಳು, ಮಂಡಿ ಬಿಗಿಯುತ್ತವೆ. ರಕ್ತ ಮತ್ತೆ ಕಾಣಿಸಿಲ್ಲ.

ಈಗ ತಪಾಸಣೆಗೆ ಪ್ರತಿ ಸಲವೂ ಪಾಲಾಕ್ಷ ಜೊತೆಗೆ ಹೋಗುತ್ತಾನೆ. ಬಸ್ಸಿನಲ್ಲಿ ಅವಳಿಗೆ ಕಿಟಕಿ ಬಿಟ್ಟುಕೊಡುತ್ತಾನೆ, ಎಳನೀರು ಕೊಡಿಸುತ್ತಾನೆ. ಮನೆಗೆ ಬಂದರೆ ಮತ್ತೆ ಪಡಸಾಲೆಯಲ್ಲೇ ಮಲಗುತ್ತಾನೆ. ಗುರುಸಿದ್ದಮ್ಮ ರಾತ್ರಿ ಒಳಗಿನ ಕೋಣೆಯ ಬಾಗಿಲು ಮುಚ್ಚುವುದನ್ನು ಬಿಟ್ಟಿದ್ದಾಳೆ. ಅವನು ಅದನ್ನು ಗಮನಿಸಿದನೋ ಇಲ್ಲವೋ ಅವಳಿಗೆ ಗೊತ್ತಿಲ್ಲ.