ಕೂಗದ ಹುಂಜಗಳ ಮನೆ

ಮಾಟ, ಪ್ರೇತ ಎಂದವರನ್ನೆಲ್ಲ ಗೇಲಿ ಮಾಡಿಕೊಂಡೇ ಬೆಳೆದವನು ನಾನು. ಈಗಲೂ ಮಾಡುತ್ತೇನೆ. ಮಂಡೆಕೋಲಿನ ಅತ್ತೆಯ ಕೋಳಿಗಳ ಸುದ್ದಿ ಬಂದರೆ ಮಾತ್ರ ಮಾತು ಬದಲಿಸುತ್ತೇನೆ.

ತೂಗುಸೇತುವೆ ದಾಟಿದರೆ ಹೊಳೆಯಾಚೆ ಅವರದೊಂದೇ ಮನೆ. ದೈವಕ್ಕೆ ಒಪ್ಪಿಸುವ ಕೋಳಿ ಅಲ್ಲೇ ಹುಟ್ಟಿರಬೇಕು, ಹೊರಗಿನದ್ದು ಬೆರೆಯಬಾರದು ಎಂದು ಹಿಂದಿನಿಂದಲೂ ಕಟ್ಟುಪಾಡು. ಹೀಗೆ ಬೆರಳೆಣಿಕೆಯ ಕೋಳಿಗಳು ತಮ್ಮತಮ್ಮಲ್ಲೇ ಸಂಸಾರ ಮಾಡಿ, ಈಗ ಎಲ್ಲವೂ ಒಂದೇ ಅಚ್ಚಿನ ಬೂದು. ಒಂದು ಹುಂಜವೂ ಕೂಗುವುದಿಲ್ಲ. ಕುತ್ತಿಗೆ ಚಾಚಿ ಕೊಕ್ಕು ತೆರೆಯುತ್ತವೆ, ಟಿ.ವಿ.ಯ ಸದ್ದು ತೆಗೆದ ಹಾಗೆ.

ನಾನು ಅತ್ತೆಯ ಮುಂದೆ ಪಿಯುಸಿಯ ಜೀವಶಾಸ್ತ್ರವನ್ನೆಲ್ಲ ಸುರಿದೆ: ಗುಂಪು ಚಿಕ್ಕದಾದರೆ ಯಾವುದೋ ಒಂದು ಗುಣ ಬರೀ ಅದೃಷ್ಟದಿಂದ ಎಲ್ಲಕ್ಕೂ ಹಬ್ಬುತ್ತದೆ, ಇನ್ನೊಂದು ಅಳಿದೇ ಹೋಗುತ್ತದೆ.

"ಅದೆಲ್ಲ ಇರ್ಲಿ ಮಾರಾಯ," ಎಂದರು ಅತ್ತೆ. "ಕಾವಿಗೆ ಇಟ್ಟ ಮೊಟ್ಟೆ ಒಂದೂ ಮರಿ ಆಗುದಿಲ್ಲ. ಇವು ಸತ್ರೆ ಮುಗೀತು. ಎಂತ ಮಾಡುದು?"

"ಹೊಸ ರಕ್ತ ಬೇಕು ಅತ್ತೆ. ನನ್ನ ಹುಂಜ ಉಂಟಲ್ಲ!"

"ಮಾವ ಒಪ್ಪುದಿಲ್ಲ." ಒಳಗೊಮ್ಮೆ ಇಣುಕಿ ದನಿ ತಗ್ಗಿಸಿದರು. "ತಾ. ಅವರಿಗೆ ನಾನು ಹೇಳ್ತೇನೆ."

ನನ್ನ ಕೆಂಪು ಹುಂಜ ನಮ್ಮೂರು ಅರಂತೋಡಿನಲ್ಲಿ ಕೂಗಿದರೆ ಮಡಿಕೇರಿಯವರು ಎದ್ದು ಹಲ್ಲುಜ್ಜುತ್ತಿದ್ದರು. ಬಸ್ಸಿನಲ್ಲೂ ಬುಟ್ಟಿಯೊಳಗಿಂದ ಕೂಗಿದ. "ಅವನಿಗೂ ಒಂದು ಟಿಕೆಟ್ ಮಾಡು, ನಮ್ಮ ಹಾರ್ನಿಗಿಂತ ಜೋರುಂಟು," ಎಂದರು ಕಂಡಕ್ಟರ್. ಸೇತುವೆಯ ನಡುವೆಯೂ ಕೂಗಿದ. ಅಂಗಳದಲ್ಲಿ ಬಿಟ್ಟೆ. ಬೂದು ಕೋಳಿಗಳು ಬಂದು ಸುತ್ತ ನಿಂತವು. ಕುಕ್ಕಲಿಲ್ಲ. ನೋಡಿದವು.

ಬೆಳಗ್ಗೆ ಅವನ ಕೂಗನ್ನು ರೆಕಾರ್ಡ್ ಮಾಡಲು ಫೋನ್ ಹಿಡಿದು ಕೂತೆ. ಒಗೆಯುವ ಕಲ್ಲು ಹತ್ತಿದ. ರೆಕ್ಕೆ ಬಡಿದ. ಕುತ್ತಿಗೆ ಚಾಚಿದ. ಕೊಕ್ಕು ತೆರೆಯಿತು, ಸ್ವರ ಬರಲಿಲ್ಲ.

ತಲೆಮಾರುಗಟ್ಟಲೆ ಹಿಡಿಯಬೇಕಾದದ್ದು ಒಂದೇ ರಾತ್ರಿಯಲ್ಲಿ ಹೇಗಾಯಿತು? ಅತ್ತೆಯನ್ನು ಕರೆಯಲು ಬಾಯಿ ತೆರೆದೆ. ನನ್ನ ಗಂಟಲಿನಿಂದಲೂ ಏನೂ ಹೊರಡಲಿಲ್ಲ. ಕೋಳಿಗಳೆಲ್ಲ ಒಮ್ಮೆಲೇ ನನ್ನ ಕಡೆ ತಿರುಗಿದವು. ಮಡಿಕೇರಿಯ ಹಲ್ಲುಜ್ಜುವುದನ್ನು ನೀವು ನಂಬಬೇಕಾಗಿಲ್ಲ; ಇದಕ್ಕೆ ಮಾತ್ರ ನಾನು ಉಪ್ಪುಖಾರ ಹಚ್ಚಿಲ್ಲ. ಹುಂಜವನ್ನು ಅಲ್ಲೇ ಬಿಟ್ಟು ಓಡಿದೆ. ಸೇತುವೆ ದಾಟಿದ ಮೇಲೆಯೇ ಸ್ವರ ಬಂದದ್ದು. ಯಾಕೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಮೊನ್ನೆ ಅತ್ತೆಯ ಫೋನ್ ಬಂತು. "ಬುಟ್ಟಿ ತುಂಬ ಮರಿ ಆಗಿದೆ ಮಗಾ! ಎಲ್ಲ ನಿನ್ನ ಹುಂಜನ ಹಾಗೇ ಕೆಂಪು."

ಅವರ ಸ್ವರದಲ್ಲಿ ಅಷ್ಟು ಖುಷಿಯನ್ನು ನಾನು ಕೇಳಿರಲಿಲ್ಲ. ಆದರೂ ತಡೆಯಲಾಗಲಿಲ್ಲ.

"ಮರಿಗಳು ಚಿಂವ್ ಅಂತವಾ ಅತ್ತೆ?"

ಉತ್ತರ ಬರಲಿಲ್ಲ. ನೆಟ್‌ವರ್ಕ್ ಹೋಗಿರಲಿಲ್ಲ; ಆಚೆಯಿಂದ ಹೊಳೆ ಹರಿಯುವ ಸದ್ದು ಕೇಳುತ್ತಲೇ ಇತ್ತು.