ಲೋರ್ನಾಗೆ ಗಂಡು ತೋರಿಸಿದ್ದು

ಹೆಬ್ಬಗೋಡೀಲಿ ಈಶ್ವರಮ್ಮನ ಬಿಲ್ಡಿಂಗ್ ಅಂದ್ರೆ ಯಾರಾದ್ರೂ ತೋರಿಸ್ತಾರೆ. ಬಾಡಿಗೆಗೆ ಬಂದೋರನ್ನೆಲ್ಲ ಮನೆಮಕ್ಕಳು ಅನ್ಕೊಳೋದು ನನ್ನ ಹಳೇ ರೋಗ. ಮೇಲ್ಗಡೆ ಮನೆ ಲೋರ್ನಾ ಫಿಲಿಪೈನ್ಸ್ ದೇಶದೋಳು. ಎಲೆಕ್ಟ್ರಾನಿಕ್ ಸಿಟೀಲಿ ಬ್ಯೂಟಿ ಪಾರ್ಲರ್ ಕೆಲಸ, ಗಿರಾಕಿಗಳ ಜೊತೆ ಮಾತಾಡ್ತಾ ಕನ್ನಡಾನೂ ಕಲ್ತಿದ್ಲು. ದಿನವಿಡೀ ಕತ್ತು ಬಗ್ಗಿಸಿ ಕಂಡೋರ ಉಗುರಿಗೆ ಬಣ್ಣ ಹಚ್ಚಿ, ಸಂಜೆ ಕತ್ತು ಹಿಡ್ಕೊಂಡು ಮೆಟ್ಟಿಲು ಹತ್ತೋಳು. ಜೊತೇಲಿ ಐಲೀನ್, ಅದೇ ಪಾರ್ಲರ್. ಚಿಕ್ಕಪ್ಪನ ಮಗಳು ಅಂದಿದ್ಲು. ಐಲೀನ್ ಎಣ್ಣೆ ಹಚ್ಚಿ ಅವಳ ಕತ್ತು ನೀವೋದು ನೋಡಿ, ಅಕ್ಕತಂಗೀರು ಅಂದ್ರೆ ಇಂಗಿರ್ಬೇಕು ಅಂತ ನನ್ನ ಸೊಸೆಗೆ ಹೇಳ್ತಿದ್ದೆ.

ಲೋರ್ನಾ ಒಣಮೀನು ಹುರಿದು ಬೀದಿಯೆಲ್ಲ ನಾತ ಎಬ್ಬಿಸ್ತಾಳೆ ಅಂತ ಬೈದಿದೀನಿ, ಸುಳ್ಳ್ಯಾಕೆ. ಆದ್ರೆ ನಾನು ಜ್ವರ ಬಂದು ಮಲಗಿದಾಗ ಗಂಜಿ ಕಾಯ್ಸಿ ಕೊಟ್ಟೋಳೂ ಅವಳೇ. ಇತ್ತ ನನ್ನ ತಮ್ಮನ ಮಗ ವಸಂತಂಗೆ ಜಮೀನಿದೆ, ಫ್ಯಾಕ್ಟ್ರಿ ಕೆಲಸ ಇದೆ, ಹೆಣ್ಣು ಮಾತ್ರ ಎಲ್ಲೂ ಸಿಗ್ತಿಲ್ಲ. ಮನೇಲೇ ಇಂಥ ಹುಡುಗಿ ಇಟ್ಕೊಂಡು ಊರೆಲ್ಲ ಯಾಕೆ ಅಲೀಬೇಕು ಅನ್ನಿಸ್ತು.

"ನೆಂಟ್ರು ಬರ್ತಾರೆ" ಅಂತಷ್ಟೇ ಹೇಳಿ, ನನ್ನ ಸೀರೆ ಉಡಿಸಿ, ಕಾಫಿ ತಟ್ಟೆ ಅವಳ ಕೈಗಿಟ್ಟೆ. ಪಾಪ, ನಗ್ತಾ ನಗ್ತಾ ಎಲ್ರಿಗೂ ಕೊಟ್ಲು. ತಮ್ಮನ ಹೆಂಡ್ತಿ ಎದ್ದು ಹೂ ಮುಡಿಸಕ್ಕೆ ಹೋದಾಗ ಅರ್ಥ ಆಯ್ತು ಅಂತ ಕಾಣುತ್ತೆ. "ಬೇಡ ಅಮ್ಮ" ಅಂದು ಸರಸರ ಮೇಲೆ ಹೊರಟೋದ್ಲು. ಬಂದೋರ ಮುಂದೆ ನನ್ನ ಮುಖ ಸಣ್ಣದಾಯ್ತು.

ಅವರನ್ನ ಕಳಿಸಿ, ಸಿಟ್ಟಲ್ಲೇ ಮೆಟ್ಟಿಲು ಹತ್ತಿದೆ. "ಏನು ಕಮ್ಮಿ ನಮ್ಮ ಹುಡುಗಂಗೆ?"

"ಏನೂ ಇಲ್ಲ. ಐಲೀನ್ ಚಿಕ್ಕಪ್ಪನ ಮಗಳು ಅಲ್ಲ ಅಮ್ಮ. ನಾವು ಗಂಡ ಹೆಂಡ್ತಿ ಥರ. ನಮ್ಮೂರಲ್ಲಿದ್ದಾಗಿಂದಲೂ."

ನಂಗೆ ಇನ್ನೂ ಸಿಟ್ಟು ಬಂತು. "ಮತ್ತೆ ನನ್ ಹತ್ರ ಸುಳ್ಳ್ಯಾಕೆ ಹೇಳ್ದೆ?"

"ಹಿಂದಿನ ಮನೇಲಿ ಗೊತ್ತಾದ ದಿನಾನೇ ಸಾಮಾನು ಬೀದಿಗೆ ಹಾಕಿದ್ರು. ನಿಜ ಹೇಳಿದ್ರೆ ನೀವು ಮನೆ ಕೊಡ್ತಿದ್ರಾ?"

"ಇಲ್ಲ" ಅಂದೆ. ಇನ್ನೇನು ಹೇಳ್ಲಿ.

ಅಷ್ಟರಲ್ಲಿ ಐಲೀನ್ ಬಟ್ಟೆ ಮಡಚಿ ಬ್ಯಾಗಿಗೆ ತುಂಬ್ತಾ ಇದ್ಲು. ಹೋಗಿ ಆ ಬ್ಯಾಗ್ ಹಿಡ್ಕೊಂಡೆ.

"ಯಾರಮ್ಮ ನಿಮ್ಮನ್ನ ಹೋಗಿ ಅಂದಿದ್ದು? ತೆಗೆದು ಒಳಗಿಡು ಅದನ್ನ" ಅಂತ ಗದರಿದೆ.

ಕೆಳಗೆ ಬರೋಷ್ಟರಲ್ಲಿ ತಮ್ಮನ ಫೋನು. ಹುಡುಗಿ ಯಾಕೆ ಒಪ್ಪಲಿಲ್ಲ ಅಂತ.

"ಅವಳಿಗೆ ಮದ್ವೆ ಆಗಿದೆ ಕಣೋ. ನಾನೇ ವಿಚಾರಿಸ್ಲಿಲ್ಲ."

"ಅಂಗಾರೆ ಗಂಡ ಎಲ್ಲವ್ನೆ?"

"ಒಟ್ಟಿಗೇ ಅವ್ರೆ, ಚೆನ್ನಾಗವ್ರೆ. ನೀನು ವಸಂತಂಗೆ ಬೇರೆ ಕಡೆ ನೋಡು" ಅಂದು ಫೋನಿಟ್ಟೆ.