ಮಂಡಿ ಬಗ್ಗಿಸಿದ ದಿನಗಳು

ಮೊನ್ನೆ ಮಗಳ ಉಳುಕಿದ ಕಾಲಿಗೆ ಹಚ್ಚಲೆಂದು ಹರಳೆಣ್ಣೆ ಬಿಸಿ ಮಾಡುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ತವರಿನ ಪಕ್ಕದ ಮನೆಯ ಅತ್ತೆ ನೆನಪಾದರು. ಜೊತೆಗೆ ಹಳೆಯ ಸಿಟ್ಟೂ ಬಂತು...

ಬಳ್ಳಾರಿ ಆಗಿನ್ನೂ ಮದರಾಸಿಗೆ ಸೇರಿತ್ತು. ನಾನು ನಮ್ಮ ಓಣಿಯ ಗಂಡಸರಿಗಿಂತ ಎತ್ತರ ಬೆಳೆದಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರು ಬೆನ್ನಿಗೆ ಬೆರಳೊತ್ತಿ ನೆಟ್ಟಗೆ ನಿಲ್ಲು ಎನ್ನುತ್ತಿದ್ದರು; ಮನೆಗೆ ಬಂದರೆ ಅವ್ವ ಬಗ್ಗು ಎನ್ನುತ್ತಿದ್ದಳು. ಯಾರ ಮಾತು ಕೇಳಬೇಕು? ಇದೇ ಎತ್ತರದಿಂದ ಎರಡು ಸಂಬಂಧ ತಪ್ಪಿದ್ದವು. ಸಿರುಗುಪ್ಪದವರು ನೋಡಲು ಬರುತ್ತಾರೆಂದಾಗ ಅವ್ವ ಹೆದರಿ ನನ್ನನ್ನು ಅತ್ತೆಯ ಕೈಗೆ ಒಪ್ಪಿಸಿದಳು.

ಅತ್ತೆ ಕುರುಗೋಡಿನವರು. ನನ್ನ ಭುಜಕ್ಕೂ ಬಾರದಷ್ಟು ಗಿಡ್ಡ. ಸೀರೆಯೊಳಗೆ ಮಂಡಿ ಬಗ್ಗಿಸಿ ನಡೆಯುವುದನ್ನು ದಿನಾ ಸಂಜೆ ಪಡಸಾಲೆಯಲ್ಲಿ ಕಲಿಸಿದರು.

"ಇನ್ನಷ್ಟು ಬಗ್ಗಲೇ. ನಮ್ಮ ತಂಗಿ ಮಗಳ್ನ ನೋಡು, ಕೈಯಾಗ ಎತ್ಕೊಳ್ಳಂಗ ಅದಾಳ."

"ಅವರು ನನ್ನ ಎತ್ಕೊಳ್ಳಾಕ ಬರ್ತಾರೇನ್ರಿ ಅತ್ತಿ?"

"ಬಾಯಿ ನೋಡು! ಕಾನ್ವೆಂಟಿನಾಗ ಇದನ್ನ ಕಲಿಸ್ಯಾರೇನು?"

ಆಮೇಲೆ ನೋಯುವ ಮಂಡಿಗೆ ತಾವೇ ಹರಳೆಣ್ಣೆ ತಿಕ್ಕುತ್ತಿದ್ದರು. ನೋಯಿಸುವವರೂ ಅವರೇ, ಎಣ್ಣೆ ಹಚ್ಚುವವರೂ ಅವರೇ!

ಸಿರುಗುಪ್ಪದವರು ಬಂದ ದಿನ ಅತ್ತೆ ಇನ್ನೊಂದು ಉಪಾಯ ಹೂಡಿದ್ದರು. ಒಂದರ ಮೇಲೊಂದು ಎರಡು ಮಣೆ ಇಟ್ಟು, ಅದರ ಮೇಲೆ ಹತ್ತಿ, ನೆರಿಗೆಯನ್ನು ನೆಲದವರೆಗೆ ಇಳಿಬಿಟ್ಟು ನನ್ನ ಪಕ್ಕ ನಿಂತರು. ಅವರ ಪಕ್ಕದಲ್ಲಿ ನಾನು ಎತ್ತರ ಕಾಣುವುದಿಲ್ಲವಂತೆ. ಹುಡುಗನ ತಾಯಿ ನಮ್ಮಿಬ್ಬರನ್ನೂ ನೋಡಿ ಒಪ್ಪಿದ ಮುಖ ಮಾಡಿದ್ದರು. ಅಷ್ಟರಲ್ಲಿ ಮೇಲಿನ ಮಣೆ ಜಾರಿತು. ಅತ್ತೆ ವಾಲಿದರು. ನಾನು ಎಲ್ಲ ಮರೆತು ನೆಟ್ಟಗಾಗಿ, ಅವರ ಕಂಕುಳಿಗೆ ಕೈಹಾಕಿ, ಮಗುವನ್ನು ಎತ್ತಿದಂತೆ ಎತ್ತಿ ಕೆಳಗಿಳಿಸಿದೆ.

ಹುಡುಗನ ತಾಯಿ ತಲೆ ಎತ್ತಿ ನನ್ನನ್ನು ನೋಡಿದರು. ನೋಡುತ್ತಲೇ ಇದ್ದರು.

"ನಮ್ಮ ಮನಿ ಬಾಗಲಾ ಗಿಡ್ಡ ಅದಾವ್ರಿ" ಎಂದು ಎದ್ದುಬಿಟ್ಟರು.

ಅವ್ವ ಅಡುಗೆಮನೆ ಸೇರಿ ಅತ್ತಳು. ನನಗೆ ರೇಗಿಹೋಯಿತು. "ಅತ್ತಿ, ಇನ್ನ ನಾ ಬಗ್ಗಂಗಿಲ್ಲ. ನಾ ಇರೋದs ಇಷ್ಟುದ್ದ. ಬೇಕಾದವರು ಮಾಡ್ಕೊಳ್ಳಲಿ, ಬ್ಯಾಡಾದವರು ಬಿಡ್ಲಿ" ಎಂದೆ.

ಬೈಯುತ್ತಾರೆಂದುಕೊಂಡಿದ್ದೆ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ಮಣಿ ಮ್ಯಾಲೆ ನಿಂತಾಗ ಎಲ್ಲಾರ ನೆತ್ತಿ ಕಂಡ್ವಲೇ... ನಿನಗ ದಿನಾ ಹಂಗ ಕಾಣ್ತಾವಲ್ಲ. ಅಂಥಾಕಿಗೆ ಬಗ್ಗು ಅಂದ್ನಲ್ಲ ನಾನು" ಎಂದರು.

ಮುಂದೆ ರೂಪನಗುಡಿಯವರು ಬಂದಾಗ ನೆಟ್ಟಗೇ ನಿಂತೆ. ನನ್ನವರು ನನ್ನ ಕಿವಿಯವರೆಗೆ ಬರುತ್ತಾರೆ. ಅದರ ಚಿಂತೆ ಅವರಿಗಿಲ್ಲ. ಚಿಂತೆಯೆಲ್ಲ ಅತ್ತೆಗೆ. ನನ್ನನ್ನು ಬಗ್ಗಿಸುವುದನ್ನು ಬಿಟ್ಟರೇ ಹೊರತು ತಾವು ಎತ್ತರ ಕಾಣಬೇಕೆನ್ನುವುದನ್ನು ಬಿಡಲಿಲ್ಲ. ಮದುವೆಯ ಫೋಟೋ ತೆಗೆಯುವಾಗ ತುದಿಗಾಲ ಮೇಲೆ ನಿಂತು, ತಡೆಯಲಾರದೆ ಅಲುಗಾಡಿ, ಮುಖವೆಲ್ಲ ಮಸುಕಾಗಿ ಬಂದಿದೆ. ಅವರದೆಂದು ನನ್ನ ಬಳಿ ಇರುವುದು ಅದೊಂದೇ ಮುಖ!

ಅತ್ತೆ ತೀರಿಕೊಂಡಾಗ ಹೋಗಿದ್ದೆ. ಅವರ ಮನೆತನದ ಪದ್ಧತಿಯಂತೆ ವಿಭೂತಿ ಹಚ್ಚಿ, ಹೂ ಹಾಕಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಓಣಿಯವರೆಲ್ಲ ಬಂದು ಕೈಮುಗಿದರು, ಅತ್ತರು. ಅವರು ಗಿಡ್ಡ ಎಂಬುದು ಅಲ್ಲಿ ಯಾರ ನೆನಪಿನಲ್ಲೂ ಇರಲಿಲ್ಲ. ಎಂದೂ ಇರಲಿಲ್ಲವೇನೋ... ಇದನ್ನು ಹೇಳಿ ಅವರನ್ನು ಚೆನ್ನಾಗಿ ಬೈಯಬೇಕೆನ್ನಿಸುತ್ತದೆ, ಈಗಲೂ. ಬೈಯಿಸಿಕೊಳ್ಳಲು ಅತ್ತೆ ಇಲ್ಲ.